ಕಣ್ಣಳತೆ ಬಿಟ್ಟು ಕಾಟಾ ಹಿಡಿದ ಮೇಲೆ: ಮಾಂಸದ ದನಗಳನ್ನು ತೂಗುವ ಲೋಡ್ ಬಾರ್, ಎರಡು ವರ್ಷಗಳ ಬಳಕೆಯ ನಂತರ

ಮಾಂಸಕ್ಕಾಗಿ ದನ ಸಾಕುವ ಸಣ್ಣ ಹಿಡುವಳಿದಾರರು ವರ್ಷಕ್ಕೆ ಆರೆಂಟು ಹೋರಿಗಳನ್ನು ಮಾರಿದರೆ ಹೆಚ್ಚು. ಅವುಗಳನ್ನು ಕೊಳ್ಳಲು ಬರುವ ವ್ಯಾಪಾರಿಯಾದರೋ ಅಷ್ಟು ಹೋರಿಗಳನ್ನು ಒಂದೇ ಬೆಳಗಿನಲ್ಲಿ ನೋಡಿ, ಬೆನ್ನ ಮೇಲೆ ಕೈಯಾಡಿಸಿ, ಮನಸ್ಸಿನಲ್ಲೇ ತೂಕ ಕಟ್ಟಿ ಮುಗಿಸಿರುತ್ತಾನೆ. ಕಣ್ಣಳತೆಯ ಮೇಲೆ ನಡೆಯುವ ವ್ಯಾಪಾರದಲ್ಲಿ ಯಾರ ಕಣ್ಣು ಹೆಚ್ಚು ಪಳಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹನ್ನೊಂದು ವರ್ಷ ಹೀಗೆಯೇ ಮಾರಿದವನು. ಒಮ್ಮೆ 400 ಕಿಲೋ ಎಂದು ಇಬ್ಬರೂ ಒಪ್ಪಿ ಕೈಬದಲಾದ ಹೋರಿಯೊಂದು, ಲಾರಿಯಲ್ಲಿ ಪಯಣಿಸಿ ಸೊರಗಿದ ಮೇಲೂ ಕಸಾಯಿಖಾನೆಯ ಕಾಟಾದಲ್ಲಿ 452 ಕಿಲೋ ತೂಗಿತೆಂಬ ಸಂಗತಿ ಒಂದು ವಾರದ ಬಳಿಕ ನನ್ನ ಕಿವಿಗೆ ಬಿತ್ತು. ದಿನಕ್ಕೆ 650 ಗ್ರಾಂ ಬೆಳೆಯುವ ಹೋರಿ ಆ 52 ಕಿಲೋ ಕಟ್ಟಿಕೊಳ್ಳಲು 80 ದಿನ ಬೇಕು. ಎಂಬತ್ತು ದಿನಗಳ ಮೇವು, ನೀರು, ಸಗಣಿ ಬಾಚಿದ ದುಡಿಮೆ ಎಲ್ಲವನ್ನೂ ನಾನು ಧರ್ಮಕ್ಕೆ ಕೊಟ್ಟಂತಾಗಿತ್ತು. ಆ ವರ್ಷದ ಕೊನೆಯಲ್ಲಿ ದನ ತೂಗುವ ಒಂದು ಜೊತೆ ಲೋಡ್ ಬಾರ್ ಕೊಂಡೆ. ಎರಡು ವರ್ಷ, ಹದಿನಾಲ್ಕರಿಂದ ಹದಿನೆಂಟು ದನಗಳ ಹಿಂಡಿನಲ್ಲಿ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸಾಮಾನು ನೋಡಲು ಬಹಳ ಸರಳವಾಗಿದೆ. ಮಾರುದ್ದಕ್ಕಿಂತ ಚಿಕ್ಕದಾದ, ಇಬ್ಬರು ಎತ್ತಬಹುದಾದ ಎರಡು ಉಕ್ಕಿನ ದಂಡಗಳು, ಅವುಗಳಿಂದ ಹೊರಟ ಎರಡು ಕೇಬಲ್‌ಗಳು, ಕೇಬಲ್‌ಗಳು ಹೋಗಿ ಸೇರುವ ಒಂದು ಡಿಸ್‌ಪ್ಲೇ ಪೆಟ್ಟಿಗೆ, ಇಷ್ಟೇ. ದಂಡಗಳೊಳಗೆ ಲೋಡ್ ಸೆಲ್‌ಗಳಿವೆ. ಮೇಲೆ ಭಾರ ಬಿದ್ದಾಗ ಒಳಗಿನ ಲೋಹವು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್‌ನ ವಿದ್ಯುತ್ ರೋಧ ಅದಕ್ಕೆ ತಕ್ಕಂತೆ ಬದಲಾಗುತ್ತದೆ, ಆ ಬದಲಾವಣೆಯನ್ನೇ ಪೆಟ್ಟಿಗೆಯು ಕಿಲೋ ಆಗಿ ತೋರಿಸುತ್ತದೆ. ನಾನು ಕೊಂಡ ಜೊತೆ 2000 ಕಿಲೋವರೆಗೆ ತಡೆಯುತ್ತದೆ, ಅರ್ಧ ಕಿಲೋ ಲೆಕ್ಕದಲ್ಲಿ ತೂಕ ಹೇಳುತ್ತದೆ, ಶೇ. 1ರೊಳಗಿನ ನಿಖರತೆಯ ಭರವಸೆಯೂ ಅದರ ಜೊತೆ ಬಂದಿತ್ತು. ಆದರೆ ದಂಡಗಳು ತಾವಾಗಿಯೇ ಏನನ್ನೂ ತೂಗಲಾರವು ಎಂಬುದನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು. ಅವುಗಳ ಕೆಳಗೆ ಕದಲದ ಕಾಂಕ್ರೀಟ್ ನೆಲ ಬೇಕು, ಮೇಲೆ ದನ ನಿಲ್ಲಲು ಗಟ್ಟಿಯಾದ ಅಟ್ಟಣೆ ಬೇಕು, ಅಟ್ಟಣೆಯ ಸುತ್ತ ದನ ತಿರುಗದಂತೆ ತಡೆಯುವ ಪಂಜರ ಬೇಕು, ಪಂಜರದೊಳಗೆ ಒಂದರ ಹಿಂದೆ ಒಂದು ನಡೆದು ಬರಲು ಇಕ್ಕಟ್ಟಾದ ಓಣಿ ಬೇಕು. ಇವುಗಳಲ್ಲಿ ಒಂದೂ ಪೆಟ್ಟಿಗೆಯೊಳಗೆ ಇರಲಿಲ್ಲ, ಮಾರಿದವರು ಅವುಗಳ ಮಾತನ್ನೂ ಎತ್ತಲಿಲ್ಲ. ಬೆಲೆ ಒಂದೊಂದು ಕಡೆ ಒಂದೊಂದು ತೆರನಾದ್ದರಿಂದ ಹಣದ ಮಾತು ಬಿಟ್ಟು ಕಿಲೋ ಲೆಕ್ಕದಲ್ಲೇ ಹೇಳುವುದಾದರೆ, ದಂಡ ಮತ್ತು ಡಿಸ್‌ಪ್ಲೇಗೆ ಸುಮಾರು 250 ಕಿಲೋ ಜೀವತೂಕ ಮಾರಿದಷ್ಟು ಹಣ ಹೋಯಿತು. ಅಟ್ಟಣೆ, ಪಂಜರ, ಓಣಿಗೆ ಮತ್ತೆ 150 ಕಿಲೋದಷ್ಟು. ಒಂದು ಬಲಿತ ಹೋರಿಯನ್ನೇ ಇಡಿಯಾಗಿ ಇದಕ್ಕೆ ಒಪ್ಪಿಸಿದಂತಾಯಿತು.

ಜೋಡಿಸಿದ ದಿನವೇ ಪರೀಕ್ಷೆ ಮಾಡಿದೆ. ಧಾನ್ಯ ತೂಗುವ ಕಾಟಾದಲ್ಲಿ ಒಂದೊಂದಾಗಿ ತೂಗಿ ಗುರುತು ಹಾಕಿದ, ತಲಾ 25 ಕಿಲೋದ ಎಂಟು ಹಿಂಡಿ ಚೀಲಗಳನ್ನು ಅಟ್ಟಣೆಯ ನಡುವೆ ಒಟ್ಟಿದಾಗ 201 ಎಂದು ತೋರಿಸಿತು. ಅದೇ ಚೀಲಗಳನ್ನು ನಾಲ್ಕೂ ಮೂಲೆಗೆ ಸರಿಸಿ ನೋಡಿದಾಗ 199ರಿಂದ 202ರ ನಡುವೆ ಆಡಿತು. ಸಾಕುವವರ ಲೆಕ್ಕಕ್ಕೆ ಇದು ಧಾರಾಳವಾಗಿ ಸಾಕು. ಆದರೆ ಮೂರನೆಯ ತಿಂಗಳಲ್ಲಿ ಎಲ್ಲ ದನಗಳೂ ಒಟ್ಟಿಗೆ ಇಳಿದವು. ಮೇವು ಬದಲಾಗಿರಲಿಲ್ಲ, ಕಾಯಿಲೆಯ ಸುಳಿವೂ ಇರಲಿಲ್ಲ; ಆದರೂ ಒಂದೊಂದರ ತೂಕವೂ ಹದಿನೈದಿಪ್ಪತ್ತು ಕಿಲೋ ಕಡಿಮೆ. ಇಡೀ ಸಂಜೆ ಗಾಬರಿಯಲ್ಲಿ ಕಳೆದು, ಕೊನೆಗೆ ಬ್ಯಾಟರಿ ಹಿಡಿದು ಅಟ್ಟಣೆಯ ಕೆಳಗೆ ಬಗ್ಗಿ ನೋಡಿದಾಗ, ಕೆಸರಿನ ಜೊತೆ ಉರುಳಿ ಬಂದ ನೆಲ್ಲಿಕಾಯಿ ಗಾತ್ರದ ಕಲ್ಲೊಂದು ಅಟ್ಟಣೆಗೂ ನೆಲಕ್ಕೂ ನಡುವೆ ಸಿಕ್ಕಿಕೊಂಡು ಕುಳಿತಿತ್ತು. ದಂಡ ಹೊರಬೇಕಾದ ಭಾರದಲ್ಲಿ ಒಂದು ಪಾಲನ್ನು ಆ ಕಲ್ಲು ಹೊರುತ್ತಿತ್ತು. ಅಂದಿನಿಂದ ತೂಗುವ ಮುನ್ನ ಅಟ್ಟಣೆಯ ಅಡಿಯನ್ನು ಪೊರಕೆಯಿಂದ ಗುಡಿಸಿ, ಸೊನ್ನೆಗೆ ತಂದು, ಗುರುತಿನ ಎರಡು ಚೀಲಗಳನ್ನಿಟ್ಟು ನೋಡಿಯೇ ಮೊದಲ ದನವನ್ನು ಬಿಡುತ್ತೇನೆ.

ದನಗಳು ಅಟ್ಟಣೆ ಹತ್ತುವುದೇ ದೊಡ್ಡ ಕೆಲಸ ಎಂಬ ಅಂಜಿಕೆ ನನಗಿತ್ತು. ದನಗಳ ನಡವಳಿಕೆಯನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರು, ನೆಲದ ಮೇಲಿನ ನೆರಳು, ತೂಗಾಡುವ ಸರಪಳಿ, ಹೊಳೆಯುವ ತಗಡು ಇಂತಹ ನಮ್ಮ ಕಣ್ಣಿಗೆ ಬೀಳದ ಸಣ್ಣ ಸಂಗತಿಗಳೇ ದನವನ್ನು ನಿಲ್ಲಿಸಿಬಿಡುತ್ತವೆ ಎಂದು ತೋರಿಸಿಕೊಟ್ಟಿದ್ದಾರೆ. ಅದರ ಸತ್ಯ ನನಗೆ ಒಂದು ಕೆಂದು ಕಡಸಿನಿಂದ ಅರಿವಾಯಿತು. ಅದು ಓಣಿಯ ತುದಿಯವರೆಗೆ ಬಂದು, ಮೂತಿಯನ್ನು ನೆಲಕ್ಕೆ ತಗ್ಗಿಸಿ, ಮೂಗಿನ ಹೊಳ್ಳೆ ಅರಳಿಸಿ ಮೂಸುತ್ತಾ, ಎಷ್ಟು ದೂಡಿದರೂ ಹೆಜ್ಜೆ ಎತ್ತಲಿಲ್ಲ. ಅದರ ಮೂತಿಯ ಎತ್ತರಕ್ಕೆ ನಾನೂ ಕುಳಿತು ನೋಡಿದಾಗ, ಪಂಜರದ ಸರಳುಗಳ ಸಂದಿಯಿಂದ ಬಿದ್ದ ಬಿಸಿಲ ಪಟ್ಟೆಯೊಂದು ಅಟ್ಟಣೆಯನ್ನು ಅಡ್ಡಡ್ಡವಾಗಿ ಸೀಳಿದಂತೆ ಕಾಣುತ್ತಿತ್ತು. ಆ ಬದಿಗೆ ಎರಡು ಗೋಣಿ ತಾಟು ಇಳಿಬಿಟ್ಟ ಕೂಡಲೇ ಕಡಸು ತಾನಾಗಿ ಹತ್ತಿ ನಿಂತಿತು. ಅಂದಿನಿಂದ ಕೋಲು ಹಿಡಿಯುವುದನ್ನೇ ಬಿಟ್ಟಿದ್ದೇನೆ. ದನದ ಭುಜದಿಂದ ಹಿಂದಕ್ಕೆ ನಾವು ಹೆಜ್ಜೆ ಹಾಕಿದರೆ ಅದು ಮುಂದಕ್ಕೆ ನಡೆಯುತ್ತದೆ, ಅಷ್ಟೇ ಸಾಕು. ಸಮಾಧಾನವಾಗಿ ನಿಂತ ದನದ ತೂಕವನ್ನು ಡಿಸ್‌ಪ್ಲೇ ನಾಲ್ಕೈದು ಸೆಕೆಂಡಿನಲ್ಲಿ ಹಿಡಿದುಕೊಳ್ಳುತ್ತದೆ; ಅಲುಗಾಡುವ ದನದ ತೂಕವನ್ನು ಸರಾಸರಿ ಮಾಡಿ ಹೇಳುತ್ತದಾದರೂ, ಬೆದರಿದ ಹೋರಿಯನ್ನು ಮೂರು ಸಲ ತೂಗಿದರೆ ಆರು ಕಿಲೋದಷ್ಟು ಹೆಚ್ಚುಕಡಿಮೆ ಬಂದದ್ದುಂಟು.

ಕಾಟಾ ಸರಿಯಾಗಿದ್ದರೂ ತೂಕ ಮೋಸ ಮಾಡಬಲ್ಲದು ಎಂಬ ಪಾಠ ಇದಕ್ಕಿಂತ ಮುಖ್ಯವಾದದ್ದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿರುವ ಮೇವು ಮತ್ತು ನೀರು ಅದರ ಜೀವತೂಕದ ಶೇ. 10ರಿಂದ 20ರಷ್ಟು ಇರಬಹುದು. ಒಂದೇ ಹೋರಿಯನ್ನು ಬೆಳಗಿನ ಆರು ಗಂಟೆಗೆ ತೂಗಿದಾಗ 388 ಕಿಲೋ ಇತ್ತು. ದಿನವಿಡೀ ಮೇದು, ತೊಟ್ಟಿಯಲ್ಲಿ ಹೊಟ್ಟೆ ತುಂಬ ನೀರು ಕುಡಿದು ಬಂದ ಮೇಲೆ ಸಂಜೆ 409. ಈ 21 ಕಿಲೋ ಬೆಳವಣಿಗೆಯಲ್ಲ, ಹೊಟ್ಟೆಯಲ್ಲಿ ಹೊತ್ತು ತಂದದ್ದು. ದಿನಕ್ಕೆ 700 ಗ್ರಾಂ ಬೆಳೆಯುವ ಹೋರಿ 28 ದಿನಗಳಲ್ಲಿ ಗಳಿಸುವುದು 20 ಕಿಲೋಗಿಂತ ಕಡಿಮೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಇಡೀ ತಿಂಗಳ ಬೆಳವಣಿಗೆಯನ್ನು ಒಂದು ಹೊತ್ತಿನ ಹೊಟ್ಟೆ ಮರೆಮಾಚಿಬಿಡಬಲ್ಲದು. ಆದ್ದರಿಂದ ಮುಂಜಾನೆ, ಮೇವು ನೀರಿಗೆ ಮುಂಚೆ, ಪ್ರತಿ ಸಲವೂ ಅದೇ ಹೊತ್ತಿಗೆ, 28 ದಿನಗಳಿಗೊಮ್ಮೆ ಮಾತ್ರ ತೂಗುತ್ತೇನೆ, ಎರಡು ತೂಕಗಳ ವ್ಯತ್ಯಾಸಕ್ಕಿಂತ ಮೂರು ನಾಲ್ಕು ತೂಕಗಳ ಓಟವನ್ನು ಹೆಚ್ಚು ನಂಬುತ್ತೇನೆ. ವಾರವಾರ ತೂಗಿ ಉಬ್ಬುವುದೂ ಕುಗ್ಗುವುದೂ ವ್ಯರ್ಥ ಶ್ರಮ.

ಈ ಶಿಸ್ತು ಕೈವಶವಾದ ಮೇಲೆ ಕಾಟಾ ನನ್ನ ಮುಂದೆ ತೆರೆದಿಟ್ಟ ಲೆಕ್ಕಕ್ಕಾಗಿಯೇ ನಾನು ಇದನ್ನು ಮೆಚ್ಚುವುದು. ಮಾರುವಾಗ ಮೋಸ ಹೋಗದಿರಲೆಂದು ಇದನ್ನು ತಂದೆ. ಆದರೆ ನನ್ನ ನಷ್ಟದ ದೊಡ್ಡ ಪಾಲು ಮಾರುವ ದಿನದಲ್ಲಿರಲಿಲ್ಲ, ಸಾಕುವ ದಿನಗಳಲ್ಲಿತ್ತು. 300 ಕಿಲೋದ ಹೋರಿ ದಿನಕ್ಕೆ ತನ್ನ ತೂಕದ ಶೇ. 2.5ರಷ್ಟು, ಅಂದರೆ ಸುಮಾರು ಏಳೂವರೆ ಕಿಲೋ ಒಣಪದಾರ್ಥವನ್ನು (ನೀರಿನಂಶ ಕಳೆದು ಲೆಕ್ಕ ಹಾಕಿದ ಮೇವನ್ನು) ತಿನ್ನುತ್ತದೆ. ಮೇವು ಸಾಧಾರಣ ಗುಣಮಟ್ಟದ್ದಾದರೆ ಅದರಲ್ಲಿ ನಾಲ್ಕು ಕಿಲೋದಷ್ಟು ಅದು ಉಸಿರಾಡಿಕೊಂಡು, ಮೈ ಬಿಸಿಯಿಟ್ಟುಕೊಂಡು, ನಿಂತು ನಡೆದು ಬದುಕಿರುವುದಕ್ಕೇ ಬೇಕು, ಉಳಿದದ್ದಷ್ಟೇ ಮಾಂಸವಾಗುತ್ತದೆ. ಈಗ ಆ ಹೋರಿಯನ್ನು 450 ಕಿಲೋಗೆ ತರಬೇಕೆಂದುಕೊಳ್ಳೋಣ. ದಿನಕ್ಕೆ ಒಂದು ಕಿಲೋ ಬೆಳೆದರೆ 150 ದಿನ, ಅರ್ಧ ಕಿಲೋ ಬೆಳೆದರೆ 300 ದಿನ. ಹೆಚ್ಚಿನ 150 ದಿನಗಳಲ್ಲಿ, ಕೇವಲ ಜೀವ ಹಿಡಿದುಕೊಳ್ಳಲು ಕನಿಷ್ಠ 600 ಕಿಲೋ ಒಣಪದಾರ್ಥವನ್ನು ಅದು ಹೆಚ್ಚಾಗಿ ತಿಂದಿರುತ್ತದೆ, ಅದರಿಂದ ಒಂದು ಗ್ರಾಂ ಮಾಂಸವೂ ಹುಟ್ಟಿರುವುದಿಲ್ಲ. ಹೊಲದಂಚಿನ ಹುಲ್ಲು ಬಿಟ್ಟಿ ಸಿಗುತ್ತದೆಂದು ಸಮಾಧಾನ ಹೇಳಿಕೊಳ್ಳುವವರೂ, ಅದೇ ಹುಲ್ಲನ್ನು ಇನ್ನೊಂದು ಕರು ತಿಂದು ಬೆಳೆಯಬಹುದಿತ್ತು ಎಂಬುದನ್ನು ಮರೆಯಬಾರದು. ಸಣ್ಣ ಹಿಡುವಳಿಯಲ್ಲಿ ಜಾಗವೂ ಮೇವೂ ಅಳತೆಯವು. ನಿಧಾನವಾಗಿ ಬೆಳೆಯುವ ಒಂದು ದನವು ಇನ್ನೊಂದರ ಜಾಗವನ್ನು ತಿನ್ನುತ್ತಿರುತ್ತದೆ.

ನನ್ನ ಕೊಟ್ಟಿಗೆಯ ಕಪ್ಪು ಹೋರಿಯ ಮಾತನ್ನು ಇಲ್ಲಿ ಹೇಳಲೇಬೇಕು. ಹಿಂಡಿನಲ್ಲೆಲ್ಲ ಅದೇ ಚೆಲುವ. ಮೈ ಎಣ್ಣೆ ಸವರಿದಂತೆ ಮಿರುಗುತ್ತಿತ್ತು, ಗೋದಲಿಯಲ್ಲಿ ಮೊದಲ ಬಾಯಿ ಅದರದೇ, ಬಂದವರೆಲ್ಲ ಬೆರಳು ಮಾಡಿ ತೋರಿಸುತ್ತಿದ್ದದ್ದೂ ಅದನ್ನೇ. ಒಳ್ಳೆಯ ಬೆಲೆ ಬರಲೆಂದು ನಾನು ಅದನ್ನು ತಡೆದಿಟ್ಟಿದ್ದೆ. ತೂಕದ ಪುಸ್ತಕದಲ್ಲಿ ಅದರ ಸಾಲು ಹೀಗಿತ್ತು: 471, 489, 498, 502. ಮೊದಲ ತಿಂಗಳು 18 ಕಿಲೋ, ಮುಂದಿನದು 9, ಅದರ ಮುಂದಿನದು 4. ಇದಕ್ಕೆ ಕಾರಣ ಕಾಯಿಲೆಯಲ್ಲ, ಪ್ರಾಯ. ಎಳೆಯ ದನ ಕಟ್ಟುವುದು ಹೆಚ್ಚಾಗಿ ಸ್ನಾಯು, ಅದರ ಮುಕ್ಕಾಲು ಪಾಲು ನೀರು. ಬಲಿತ ದನ ಕಟ್ಟುವುದು ಹೆಚ್ಚಾಗಿ ಕೊಬ್ಬು, ಒಂದು ಕಿಲೋ ಕೊಬ್ಬಿಗೆ ಬೇಕಾಗುವ ಮೇವಿನ ಶಕ್ತಿ ಒಂದು ಕಿಲೋ ಸ್ನಾಯುವಿಗಿಂತ ಹಲವು ಪಟ್ಟು. ಆ ಕೊನೆಯ 4 ಕಿಲೋಗಾಗಿ ಹೋರಿ 28 ದಿನಗಳಲ್ಲಿ 300 ಕಿಲೋ ಮೀರಿ ಒಣಪದಾರ್ಥ ಮುಗಿಸಿತ್ತು. ಕಾಟಾ ಇಲ್ಲದಿದ್ದರೆ ಅದರ ಮಿರುಗನ್ನು ನೋಡುತ್ತಾ ಇನ್ನೂ ಎರಡು ತಿಂಗಳು ಕಟ್ಟಿಹಾಕಿರುತ್ತಿದ್ದೆ. ಎರಡೂ ಬದಿಯ ಪಕ್ಕೆಲುಬು ಎಣಿಸುವಂತಿದ್ದು, ನಾನು ಸದಾ ಹಿಂದಕ್ಕೆ ತಳ್ಳುತ್ತಿದ್ದ ಬೂದು ಬಣ್ಣದ ಇನ್ನೊಂದು ಹೋರಿ ಅದೇ ಮೂರು ತಿಂಗಳಲ್ಲಿ, ಬೇಸಗೆಯ ಅರೆಹೊಟ್ಟೆಯ ಬಳಿಕ ಹಸಿಮೇವು ಸಿಕ್ಕ ಹುರುಪಿನಲ್ಲಿ, ದಿನಕ್ಕೆ ಒಂದು ಕಿಲೋ ಮೀರಿ ಬೆಳೆದಿತ್ತು. ಮೇವಿನ ಅಭಾವದ ನಂತರ ದನಗಳು ಹೀಗೆ ಭರದಿಂದ ತೂಕ ತುಂಬಿಕೊಳ್ಳುವುದುಂಟು. ಆ ಹೊತ್ತಿನಲ್ಲಿ ಅವುಗಳನ್ನು ಬಡಕಲೆಂದು ಮಾರಿಬಿಡುವುದು ಕೈಗೆ ಬಂದ ತುತ್ತನ್ನು ಕಳೆದುಕೊಂಡಂತೆ.

ಔಷಧದ ವಿಷಯದಲ್ಲೂ ಕಾಟಾ ನನ್ನ ಕಣ್ಣು ತೆರೆಸಿತು. ಜಂತುಹುಳುವಿನ ಔಷಧವನ್ನು ತೂಕಕ್ಕೆ ತಕ್ಕಂತೆ ಕೊಡಬೇಕು. ಕಣ್ಣಳತೆಯಲ್ಲಿ ತೂಕ ಕಡಿಮೆ ಎಣಿಸಿ ಕಡಿಮೆ ಕೊಟ್ಟರೆ ಗಟ್ಟಿ ಹುಳುಗಳು ಬದುಕುಳಿದು, ಮುಂದೆ ಆ ಔಷಧಕ್ಕೆ ಜಗ್ಗದ ಪೀಳಿಗೆಯನ್ನೇ ಬೆಳೆಸುತ್ತವೆ. ನಾನು ವರ್ಷಗಟ್ಟಲೆ ದೊಡ್ಡ ಹೋರಿಗಳಿಗೆ ಕಡಿಮೆಯನ್ನೇ ಕುಡಿಸುತ್ತಿದ್ದೆ ಎಂಬುದು ಮೊದಲ ತೂಕದ ದಿನವೇ ಗೊತ್ತಾಯಿತು. ತೂಕ ಬರೆಯುವ ಪುಸ್ತಕದಲ್ಲೇ ಔಷಧ ಕೊಟ್ಟ ದಿನವನ್ನೂ, ಅದರ ಅಂಶ ಮಾಂಸದಿಂದ ಕಳೆದುಹೋಗಲು ಕಾಯಬೇಕಾದ ಅವಧಿಯನ್ನೂ ಬರೆದಿಡುವುದರಿಂದ, ಅವಧಿ ಮುಗಿಯುವ ಮುನ್ನ ಯಾವ ದನವೂ ನನ್ನ ಗೇಟು ದಾಟುವುದಿಲ್ಲ.

ಇಷ್ಟು ಖರ್ಚು ಬೇಡವೆನ್ನುವವರಿಗೆ ಎದೆಸುತ್ತಳತೆಯ ಟೇಪು ಇದೆ. ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯ ತುದಿಯಿಂದ ಪಿರ್ರೆಯ ಮೂಳೆಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೋದಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 170, ಉದ್ದ 140 ಇದ್ದರೆ 373 ಕಿಲೋ. ನಾನು ಎಲ್ಲ ದನಗಳನ್ನೂ ಟೇಪಿನಿಂದಲೂ ಕಾಟಾದಿಂದಲೂ ಅಳೆದು ನೋಡಿದೆ: ಮಧ್ಯಮ ಗಾತ್ರದವು ಹತ್ತಿರಕ್ಕೆ ಬಂದವು, ಹೊಟ್ಟೆ ಜೋತ ಹಳೆಯ ಹಸುಗಳೂ ಉದ್ದಕಾಲಿನ ಎಳೆಯ ಹೋರಿಗಳೂ 30 ಕಿಲೋ, 40 ಕಿಲೋ ತಪ್ಪಿದವು. ಔಷಧ ಕೊಡಲು, ಮಾರುವಾಗ ತೀರಾ ಕುರುಡಾಗದಿರಲು ಟೇಪು ಖಂಡಿತ ಉಪಕಾರಿ. ತಿಂಗಳಿಗೆ 20 ಕಿಲೋದ ಬೆಳವಣಿಗೆಯನ್ನು ಹಿಡಿಯಲು ಅದರಿಂದಾಗದು. ಲಾರಿ ತೂಗುವ ಕಾಟಾವೂ ಈ ಕೆಲಸಕ್ಕೆ ಒರಟು, ಹತ್ತೋ ಇಪ್ಪತ್ತೋ ಕಿಲೋ ಲೆಕ್ಕದಲ್ಲಿ ಹೇಳುವ ತೂಕದಿಂದ ಒಂದು ಹೋರಿಯ ಬೆಳವಣಿಗೆ ತಿಳಿಯುವುದಿಲ್ಲ.

ಮಾರುವ ದಿನದ ಮಾತಿಗೆ ಬಂದರೆ, ಲಾಭವಿದೆ, ಆದರೆ ನಾನು ನೆನೆಸಿದ ರೀತಿಯಲ್ಲಿ ಅಲ್ಲ. ಸರ್ಕಾರಿ ಮುದ್ರೆ ಇಲ್ಲದ ಕಾಟಾದ ತೂಕವನ್ನು ವ್ಯಾಪಾರದ ತೂಕವೆಂದು ಯಾರೂ ಒಪ್ಪಬೇಕಾಗಿಲ್ಲ, ನನ್ನದಕ್ಕೆ ಅಂತಹ ಮುದ್ರೆಯಿಲ್ಲ. ಮೊದಲ ಸಲ ಬಂದವರು ಡಿಸ್‌ಪ್ಲೇಯತ್ತ ನೋಡಲೂ ಇಲ್ಲ. ಎರಡನೆಯವರು ಚಪ್ಪಲಿ ಬಿಟ್ಟು ತಾವೇ ಅಟ್ಟಣೆಯ ಮೇಲೆ ಹತ್ತಿ ನಿಂತು, ತಮ್ಮ ತೂಕ ಸರಿ ಬಂದದ್ದನ್ನು ಕಂಡ ಮೇಲೆ ಮಾತಿಗೆ ಕುಳಿತರು. ದಾರಿಯಲ್ಲಿ ದನ ಸಗಣಿ ಹಾಕಿ, ಗಂಜಲ ಸುರಿಸಿ, ಬಾಯಾರಿ ಶೇ. 3ರಿಂದ 8ರವರೆಗೆ ತೂಕ ಕಳೆದುಕೊಳ್ಳುವುದರಿಂದ ಅವರು ಕಡಿತ ಕೇಳಿದ್ದು ನ್ಯಾಯವೇ, ಶೇ. 4ಕ್ಕೆ ಒಪ್ಪಿದೆವು. ಜೀವತೂಕದಿಂದ ಮಾಂಸಕ್ಕೆ ಲೆಕ್ಕ ಹಾಕುವಾಗಲೂ ಈಗ ನನಗೆ ನೆಲೆಯಿದೆ. 500 ಕಿಲೋದ ಹೋರಿಯಲ್ಲಿ ಚರ್ಮ, ತಲೆ, ಕಾಲು, ಕರುಳು ಕಳೆದು ಶೇ. 55 ಉಳಿದರೆ 275 ಕಿಲೋ, ಎಲುಬು ಬಿಡಿಸಿದ ಮೇಲೆ ಇನ್ನೂ ಕಡಿಮೆ. ಹಾಲಿನ ತಳಿಯ ಗಂಡುಕರುಗಳಲ್ಲಿ ಈ ಪಾಲು ಕೆಳಗೇ ಇರುತ್ತದೆ. ಇದನ್ನು ತಿಳಿದವರ ಜೊತೆ ವ್ಯಾಪಾರಿಗಳು ಮಾತಾಡುವ ಧಾಟಿಯೇ ಬದಲಾಗುತ್ತದೆ. ಮಾರಾಟದಲ್ಲಿ ತಲೆಗೆ 15 ಕಿಲೋ ಹೆಚ್ಚಿಗೆ ದಕ್ಕಿತೆಂದು ಹಿಡಿದರೂ, ವರ್ಷಕ್ಕೆ ಏಳು ದನಗಳಿಗೆ 105 ಕಿಲೋ. ಅಷ್ಟರಿಂದಲೇ 400 ಕಿಲೋದ ಖರ್ಚು ತೀರಲು ನಾಲ್ಕು ವರ್ಷ ಹಿಡಿಯುತ್ತದೆ. ಮೇವಿನ ಉಳಿತಾಯ ಸೇರಿಸಿದರೆ ನನ್ನ ಕೊಟ್ಟಿಗೆಯಲ್ಲಿ ಮೂರನೆಯ ವರ್ಷದೊಳಗೆ ತೀರುವಂತಿದೆ. ಆದರೆ ವರ್ಷಕ್ಕೆ ಎರಡು ಮೂರು ದನ ಮಾರುವವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅವರು ಒಬ್ಬರೇ ಕೊಳ್ಳಬಾರದು. ದಂಡಗಳನ್ನು ಬಿಚ್ಚಿ ಸಾಗಿಸಬಹುದಾದ್ದರಿಂದ ನಾಲ್ಕು ಮನೆಯವರು ಸೇರಿ ಒಂದು ಜೊತೆ ಕೊಂಡು, ಅಟ್ಟಣೆ ಮತ್ತು ಓಣಿಯನ್ನು ತಮ್ಮ ತಮ್ಮಲ್ಲೇ ಮರದಿಂದ ಕಟ್ಟಿಕೊಳ್ಳುವುದು ಜಾಣತನ. ರೋಗ ಹಬ್ಬದಂತೆ ಪ್ರತಿ ಸಲವೂ ತೊಳೆದು ಸಾಗಿಸಬೇಕು.

ಹೆಚ್ಚಿನ ಹಣಕ್ಕೆ ಎಲೆಕ್ಟ್ರಾನಿಕ್ ಕಿವಿಯೋಲೆಯ ನಂಬರನ್ನು ತಾನೇ ಓದಿ ತೂಕದ ಜೊತೆ ದಾಖಲಿಸುವ ಮಾದರಿಗಳೂ ಸಿಗುತ್ತವೆ. ನೂರಾರು ದನಗಳಿದ್ದವರಿಗೆ ಅದು ಬೇಕಾದೀತು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವ ಹದಿನೈದಿಪ್ಪತ್ತು ದನಗಳಿಗೆ ಒಂದು ಗೆರೆಪುಸ್ತಕ, ಒಂದು ಪೆನ್ಸಿಲು ಸಾಕು.

ದೋಷಗಳಲ್ಲಿ ದೊಡ್ಡದು ಕೇಬಲ್. ಉಕ್ಕಿನ ದಂಡಕ್ಕೆ ಅಷ್ಟೊಂದು ಜತನ ಮಾಡಿದವರು ಅದರಿಂದ ಹೊರಡುವ ಕೇಬಲ್ಲನ್ನು ಬರಿಯ ರಬ್ಬರ್ ಹೊದಿಕೆಯಲ್ಲಿ ಬಿಟ್ಟಿದ್ದಾರೆ. ಹಿಂಡಿಯ ಚೀಲಗಳಿರುವ ಕಡೆ ಇಲಿಗಳು ಇದ್ದೇ ಇರುತ್ತವೆ ಎಂಬುದು ದನ ಕಟ್ಟಿದ ಯಾರಿಗಾದರೂ ಗೊತ್ತು. ಏಳನೆಯ ತಿಂಗಳಲ್ಲಿ ಕಡಿದು ಹಾಕಿದವು. ಬದಲಿ ಕೇಬಲ್ ಬರಲು ಐದು ವಾರವಾಯಿತು, ಇಲಿ ಕಡಿದದ್ದು ಗ್ಯಾರಂಟಿಗೆ ಸೇರುವುದಿಲ್ಲವೆಂದು ಅದರ ಪೂರ್ತಿ ಬೆಲೆ ತೆಗೆದುಕೊಂಡರು. ಮಳೆಗಾಲದಲ್ಲಿ ಕೇಬಲ್ ಸೇರುವ ತುದಿಗೆ ತೇವ ಇಳಿದು ಅಂಕಿಗಳು ಒಂದೇ ಸಮನೆ ತೇಲಾಡಿದವು. ಬಿಚ್ಚಿ ಒಣಗಿಸಿದ ಮೇಲೆ ಸರಿಯಾಯಿತು. ನೆತ್ತಿಯ ಬಿಸಿಲಲ್ಲಿ ಡಿಸ್‌ಪ್ಲೇಯ ಅಂಕಿ ಕಾಣಿಸುವುದಿಲ್ಲ, ಮೇಲೊಂದು ತಗಡಿನ ಸೂರು ಕಟ್ಟಿಕೊಳ್ಳಬೇಕು. ಬ್ಯಾಟರಿಯ ಬಗ್ಗೆ ದೂರಿಲ್ಲ. ದಂಡಗಳಿಗೆ ಎರಡು ವರ್ಷಗಳಲ್ಲಿ ತುಕ್ಕು ಹತ್ತಿಲ್ಲ, ಅದೇ ಎಂಟು ಚೀಲಗಳನ್ನು ಕಳೆದ ತಿಂಗಳು ಮತ್ತೆ ತೂಗಿದಾಗ ಮೊದಲ ದಿನಕ್ಕೂ ಇಂದಿಗೂ ಎರಡು ಕಿಲೋ ಕೂಡ ಅಂತರ ಬಂದಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ಆ ಕೇಬಲ್ಲಿಗೆ, ಇನ್ನರ್ಧ ಪಂಜರದ ಖರ್ಚನ್ನು ಮುಂಚೆ ಹೇಳದಿದ್ದುದಕ್ಕೆ. ಕೊಳ್ಳುವವರು ದಂಡಗಳನ್ನು ನೆಲಕ್ಕೆ ಕೂರಿಸುವ ಮೊದಲೇ ಕಬ್ಬಿಣದ ಕೊಳವೆಯೊಂದನ್ನು ಕಾಂಕ್ರೀಟಿನಲ್ಲಿ ಹೂತು, ಕೇಬಲ್ಲನ್ನು ಅದರೊಳಗಿಂದ ಎಳೆದು, ಕೊಳವೆಯ ಎರಡೂ ಬಾಯಿಗೆ ತಂತಿಯ ಬಲೆ ತುರುಕಿರಿ.